ನಾಲೆ ದಡದ ಸೊಪ್ಪು, ಕೋಡಿ ನೀರಿನ ಮೀನು: ಮಂಡ್ಯ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ನೀರಾವರಿ ಮತ್ತು ಮೀನುಗಾರಿಕೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ ಹಾಗೂ ನಮ್ಮ ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ವಂದನೆಗಳು.

ನಾಲೆಗಳಿಗೆ ನೀರು ಬಿಡುವ ಕಾಲ ಹತ್ತಿರವಾದಂತೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಕಡತಗಳು ಮೇಜಿನಿಂದ ಮೇಜಿಗೆ ಓಡಾಡತೊಡಗುತ್ತವೆ. ನಾಲೆ, ಉಪನಾಲೆ ಮತ್ತು ಕೆರೆ ಏರಿಗಳ ಮೇಲಿನ ಗಿಡಗಂಟಿ ತೆಗೆಸುವ ಕಾಮಗಾರಿಯದು ಒಂದಾದರೆ, ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವುದು ಇನ್ನೊಂದು. ಮೊದಲನೆಯದರ ಲೆಕ್ಕದಲ್ಲಿ ದಡದ ಮೇಲೆ ಬೆಳೆದದ್ದೆಲ್ಲ ಕಳೆ. ಎರಡನೆಯದರ ಲೆಕ್ಕದಲ್ಲಿ ನೀರಿನೊಳಗೆ ಇರುವುದೆಲ್ಲ ಗುತ್ತಿಗೆದಾರನ ಸ್ವತ್ತು. ಇದೇ ದಡದಿಂದ, ಇದೇ ನೀರಿನಿಂದ ಮಳೆಗಾಲದ ನಾಲ್ಕೈದು ತಿಂಗಳು ಮನೆಯ ಸಾರಿಗೆ ಬೇಕಾದುದನ್ನು ಕಾಸು ಕೊಡದೆ ತಂದುಕೊಳ್ಳುವ ಸಾವಿರಾರು ಕುಟುಂಬಗಳು ಜಿಲ್ಲೆಯಲ್ಲಿವೆ ಎಂಬುದು ಎರಡೂ ಕಡತಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದನ್ನು ಕಾಣಿಸಬೇಕು, ಬರಹದಲ್ಲಿ ಕಾಣಿಸಬೇಕು ಎಂದು ಕೇಳುವುದಕ್ಕಾಗಿ ಈ ಪತ್ರ.

ಮೊದಲು ಸೊಪ್ಪಿನ ವಿಚಾರ. ಪೇಟೆಯಲ್ಲಿ ಸೊಪ್ಪು ಎಂದರೆ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್. ನಮ್ಮ ಹಳ್ಳಿಗಳಲ್ಲಿ ಮುಂಗಾರಿನ ಮೊದಲ ಹದ ಮಳೆ ಬಿದ್ದ ಎರಡು ವಾರಕ್ಕೆ ಶುರುವಾಗುವುದು ಬೆರಕೆ ಸೊಪ್ಪಿನ ಕಾಲ. ರಾಗಿ ಹೊಲದಲ್ಲಿ ಅಣ್ಣೆ ಸೊಪ್ಪು, ತಿಪ್ಪೆಯ ಸುತ್ತ ಗಣಿಕೆ ಮತ್ತು ಕೀರೆ, ಕಲ್ಲುನೆಲದಲ್ಲಿ ಗೋಣಿ ಸೊಪ್ಪು, ಬೇಲಿಯ ಮೇಲೆ ಮಡಹಾಗಲ, ಗದ್ದೆಯ ಬದುವಿನಲ್ಲಿ ಕನ್ನೆ ಸೊಪ್ಪು, ನೀರು ಜಿನುಗುವ ಕಡೆ ಒಂದೆಲಗ, ನಾಲೆಯ ಒಳಮಗ್ಗುಲಲ್ಲಿ ಮತ್ತು ಕೆರೆಯ ಅಂಚಿನಲ್ಲಿ ವರ್ಷವಿಡೀ ಸಿಗುವ ಹೊನಗೊನೆ. ಇವುಗಳಲ್ಲಿ ಸಿಕ್ಕಿದ ನಾಲ್ಕಾರು ಬಗೆಯನ್ನು ಸೇರಿಸಿ, ಬೇಳೆಯೊಂದಿಗೆ ಬೇಯಿಸಿ ಮಸ್ಸೊಪ್ಪು ಮಾಡಿದರೆ ಅಥವಾ ಬಸಿದು ಉಪ್ಸಾರು ಮಾಡಿದರೆ ಮುದ್ದೆಗೆ ಅದಕ್ಕಿಂತ ಜೊತೆ ಬೇರೆ ಬೇಕಿಲ್ಲ. ಹೊನಗೊನೆ ಕಣ್ಣಿಗೆ ಒಳ್ಳೆಯದೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ. ಹಸಿರು ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಅಂಗನವಾಡಿಯ ಗೋಡೆಯ ಮೇಲೆ ಸೊಪ್ಪು ತಿನ್ನಿ ಎಂದು ಚಿತ್ರ ಬರೆಸುವ ಆಡಳಿತವೇ ಆ ಅಂಗನವಾಡಿಯ ಹಿಂದಿನ ನಾಲೆ ದಡದ ಸೊಪ್ಪಿಗೆ ವಿಷ ಹೊಡೆಯುವುದನ್ನು ಕಂಡೂ ಸುಮ್ಮನಿರುವುದು ನನಗೆ ಅರ್ಥವಾಗಿಲ್ಲ.

ವಿಷ ಎಂದದ್ದು ಬೈಗುಳವಲ್ಲ. ಕಳೆ ತೆಗೆಸುವ ಕಾಮಗಾರಿ ಹಿಂದೆ ಕುಡುಗೋಲು, ಮಚ್ಚು, ಸನಿಕೆಗಳ ಕೆಲಸವಾಗಿತ್ತು. ಈಗ ಕೂಲಿ ಉಳಿಸಲು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡ ಇಬ್ಬರು ಬೆಳಗಿನ ಹೊತ್ತಿನಲ್ಲಿ ಒಂದು ಉದ್ದ ಮುಗಿಸಿ ಹೋಗುತ್ತಾರೆ. ನಮ್ಮ ಊರಿನ ಉಪನಾಲೆಯ ದಡಕ್ಕೂ ಹೀಗೆ ಹೊಡೆದದ್ದುಂಟು. ಯಾರ ಆದೇಶವೆಂದು ಕೇಳಿದಾಗ ಹೊಡೆದವರಿಗೇ ಗೊತ್ತಿರಲಿಲ್ಲ. ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆದ ಗಿಡ ಅಂದೇ ಬಾಡುವುದಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಎಲೆಯಿಂದ ಬೇರಿಗೆ ಇಳಿದು, ಗಿಡದ ಬೆಳವಣಿಗೆಯನ್ನು ನಿಲ್ಲಿಸಿ, ಹಳದಿಯಾಗಿ ಒಣಗುವುದಕ್ಕೆ ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಆ ವಾರವೆಲ್ಲ ಹೊನಗೊನೆ ಹಸಿರಾಗಿಯೇ ಇರುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಮಡಿಲು ತುಂಬ ಕಿತ್ತುಕೊಂಡು ಹೋಗುವ ಹೆಂಗಸಿಗೆ ಅದು ಹೊಡೆದ ಸೊಪ್ಪೆಂದು ತಿಳಿಯುವ ದಾರಿ ಯಾವುದು? ಬೋರ್ಡಿಲ್ಲ, ಡಂಗುರವಿಲ್ಲ, ದಡದ ಮೇಲೆ ಒಂದು ಕೆಂಪು ಬಟ್ಟೆಯ ತುಂಡೂ ಇಲ್ಲ. ಪರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವಾದರೆ ಬೇಗ ಸುಡುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಅದು ದೇಹಕ್ಕೆ ಹೋದರೆ ಪ್ರತ್ಯೌಷಧವೇ ಇಲ್ಲವೆಂಬುದು ವೈದ್ಯರಿಗೆಲ್ಲ ತಿಳಿದಿರುವ ಸಂಗತಿ.

ಗ್ಲೈಫೊಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿಯೇ ಅಧಿಸೂಚನೆ ಹೊರಡಿಸಿದೆ. ದಿನಗೂಲಿಯ ಇಬ್ಬರು ಹುಡುಗರು ಕೈಗವಸು, ಮುಖಗವಸು ಯಾವುದೂ ಇಲ್ಲದೆ ನೀರಿನ ಅಂಚಿನಲ್ಲಿ ನಿಂತು ಹೊಡೆಯುವುದು ಆ ಅಧಿಸೂಚನೆಯ ಯಾವ ಸಾಲಿಗೆ ಹೊಂದುತ್ತದೆ ಎಂದು ನಾನು ಕೇಳಬಯಸುತ್ತೇನೆ. ಆದ್ದರಿಂದ ನನ್ನ ಮೊದಲ ಕೋರಿಕೆ ಇದು: ನಾಲೆ, ಕೆರೆ ಏರಿ, ರಾಜಕಾಲುವೆ ಮತ್ತು ಹಳ್ಳಿ ರಸ್ತೆಗಳ ಮಗ್ಗುಲಿನ ಕಳೆ ತೆಗೆಯುವ ಯಾವ ಕಾಮಗಾರಿಯಲ್ಲಿಯೂ ಕಳೆನಾಶಕ ಬಳಸಬಾರದೆಂಬ ಷರತ್ತು ಟೆಂಡರ್ ಪತ್ರದಲ್ಲಿಯೇ ಇರಬೇಕು. ಕೈಯಿಂದ ಕೊಯ್ಯುವ ಕೆಲಸವನ್ನು ಉದ್ಯೋಗ ಖಾತ್ರಿಯಡಿ ಸ್ಥಳೀಯರಿಗೇ ಕೊಡಬಹುದು. ಹಾಗೆ ಕೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರಾಗಿರುತ್ತಾರೆ, ಯಾವುದನ್ನು ಕೀಳಬೇಕು ಯಾವುದನ್ನು ಬಿಡಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಪಾರ್ಥೇನಿಯಂ ಬುಡಸಮೇತ ಹೋಗುತ್ತದೆ, ಒಂದೆಲಗ ಉಳಿಯುತ್ತದೆ. ಯಾವ ಔಷಧಕ್ಕೂ ಈ ವಿವೇಚನೆ ಇಲ್ಲ.

ಗದ್ದೆ, ಕಬ್ಬಿನ ತಾಕುಗಳೊಳಗೆ ರೈತರೇ ಹೊಡೆಯುವ ಕಳೆನಾಶಕದ ಪ್ರಶ್ನೆ ಬೇರೆ. ಕೂಲಿ ಸಿಗದ, ಸಿಕ್ಕರೂ ಕೈಗೆಟುಕದ ಕಾಲದಲ್ಲಿ ಹೊಡೆಯಬೇಡಿ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ನಮ್ಮ ಮನೆಯ ತಾಕಿನಲ್ಲೂ ಹೊಡೆಯುತ್ತೇವೆ. ನಾನು ಕೇಳುತ್ತಿರುವುದು ಸಾರ್ವಜನಿಕ ನೆಲದ ವಿಷಯ ಮಾತ್ರ.

ಇನ್ನು ಮೀನು. ಇಲ್ಲಿ ವಿಷಯ ಸ್ವಲ್ಪ ಸಿಕ್ಕುಸಿಕ್ಕಾಗಿದೆ, ಏಕೆಂದರೆ ಇಲ್ಲಿ ತಪ್ಪು ಆಡಳಿತದ್ದು ಮಾತ್ರವಲ್ಲ, ನಮ್ಮದೂ ಇದೆ.

ಕೆರೆ ಗುತ್ತಿಗೆ ಹಿಡಿದವರು ಬಿಡುವುದು ಕಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳನ್ನು. ಇವುಗಳಲ್ಲಿ ಮೊದಲ ಮೂರೂ ಗಂಗಾ ಬಯಲಿನ ಕಡೆಯಿಂದ ಬಂದವು. ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಬಿಡಬೇಕು. ಹಾಗೆ ಹಣ ಕೊಟ್ಟು ತಂದು ಬಿಟ್ಟ ಮೀನು ಅವರದೇ. ಅದನ್ನು ರಾತ್ರಿ ಬಲೆ ಹಾಕಿ ಹಿಡಿಯುವುದು ಕಳ್ಳತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕೆರೆಯಲ್ಲಿ ಯಾರೂ ಬಿಡದ ಪಕ್ಕೆ, ಕೊರವ, ಚೇಳುಮೀನು, ಬಾಳೆಮೀನು, ಸೀಗಡಿ, ಏರಿಯ ಕಲ್ಲುಸಂದಿನ ನಳ್ಳಿ ಇವೆಲ್ಲ ಇವೆ. ಕೆರೆ ಕಟ್ಟಿದ ದಿನದಿಂದಲೂ ಹಳ್ಳದ ನೀರಿನೊಂದಿಗೆ ತಾವಾಗಿ ಬಂದು ಸೇರಿ, ತಾವಾಗಿ ವೃದ್ಧಿಯಾದವು ಇವು. ಗುತ್ತಿಗೆ ಪತ್ರದಲ್ಲಿ ಕೆರೆಯ ಮೀನು ಎಂದು ಒಟ್ಟಾಗಿ ಬರೆದುಬಿಟ್ಟರೆ, ಸಂಜೆ ಗಾಳ ಹಾಕಿ ಕುಳಿತ ಮುದುಕನೂ, ಕಲ್ಲಿನಡಿ ಕೈ ಹಾಕಿ ನಳ್ಳಿ ಹಿಡಿಯುವ ಮಕ್ಕಳೂ ಕಾವಲುಗಾರನ ಕಣ್ಣಿಗೆ ಕಳ್ಳರಾಗುತ್ತಾರೆ. ಗಾಳ ಕಿತ್ತುಕೊಂಡು ಮುರಿದು ಹಾಕಿದ, ಮೀನು ಹಿಡಿಯುವ ಬಿದಿರಿನ ಬುಟ್ಟಿಯಾದ ಕೂಳಿಗೆ ಬೆಂಕಿ ಇಟ್ಟ ಪ್ರಸಂಗಗಳನ್ನು ನಮ್ಮ ಕಡೆಯ ಜನ ಸಾಕಷ್ಟು ನೋಡಿದ್ದಾರೆ. ಬಿತ್ತಿದ ಜಾತಿಯ ಮೀನು ಗುತ್ತಿಗೆದಾರನದು. ಒಂದು ಕೈಗಾಳ, ಒಂದು ಬಿದಿರಿನ ಕೂಳಿ ಅಥವಾ ಬರಿಗೈಯಿಂದ ಮನೆಯ ಊಟಕ್ಕೆ ಹಿಡಿಯುವ ನಾಡಮೀನು, ನಳ್ಳಿ, ಸೀಗಡಿ ಊರಿನವರದು ಎಂಬ ಒಂದು ವಾಕ್ಯ ಗುತ್ತಿಗೆಯ ಷರತ್ತುಗಳಲ್ಲಿ ಸೇರಿದರೆ ಈ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಗಾಳಕ್ಕೆ ಅಪ್ಪಿತಪ್ಪಿ ಕಟ್ಲ ಸಿಕ್ಕರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಸಿಕ್ಕಿದ್ದನ್ನು ಮತ್ತೆ ನೀರಿಗೆ ಬಿಡಬೇಕು ಎಂದೂ ಬರೆಯಿರಿ. ಬಿಡುತ್ತಾರೆಯೇ ಎಂಬ ಸಂಶಯ ನನಗೂ ಇದೆ, ಆದರೂ ಬರೆಯಿರಿ.

ಕೊಕ್ಕರೆ ಬೆಳ್ಳೂರಿನ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮದ್ದೂರು ತಾಲ್ಲೂಕಿನ ಆ ಊರಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಮರಿಗಳಿಗೆ ತಿನ್ನಿಸುವುದು ಶಿಂಷಾ ಹೊಳೆಯ ಮತ್ತು ಸುತ್ತಲಿನ ಕೆರೆಗಳ ಮೀನನ್ನೇ. ಊರಿನವರು ಹಕ್ಕಿಗಳನ್ನು ಕಾಪಾಡಿಕೊಂಡು ಬಂದರೆಂದು 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕೆರೆಯ ಪ್ರತಿಯೊಂದು ಮೀನೂ ಗುತ್ತಿಗೆಯ ಲೆಕ್ಕದೊಳಗೆ ಬಂದರೆ ಮುಂದೆ ಹೆಜ್ಜಾರ್ಲೆಯೂ ಕಳ್ಳರ ಪಟ್ಟಿಗೆ ಸೇರಬೇಕಾಗುತ್ತದೆ.

ಈಗ ನಮ್ಮ ತಪ್ಪಿನ ವಿಚಾರ. ಹೊಸ ನೀರು ಬಂದು ಕೆರೆ ಕೋಡಿ ಬಿದ್ದಾಗ ಮೀನು ಎದುರು ನೀರಿಗೆ ಹತ್ತುತ್ತವೆ. ಹತ್ತುವುದು ಆಟಕ್ಕಲ್ಲ, ಕೆಸರು ನೀರು ಹರಡಿ ನಿಂತ ಹುಲ್ಲುಗಾವಲಿನಲ್ಲಿ, ಗದ್ದೆಯ ತೆಳುನೀರಿನಲ್ಲಿ, ಹಳ್ಳದ ಮೇಲ್ಭಾಗದಲ್ಲಿ ಮೊಟ್ಟೆ ಇಡುವುದಕ್ಕೆ. ಒಂದೊಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆಗಳಿರುತ್ತವೆ. ಅದೇ ಹೊತ್ತಿಗೆ ಕೋಡಿಯ ಬಾಯಲ್ಲಿ ಊರಿಗೂರೇ ನೆರೆದು, ಅಡ್ಡಲಾಗಿ ಸೊಳ್ಳೆಪರದೆ ಕಟ್ಟಿ, ಗೋಣಿಚೀಲಗಟ್ಟಲೆ ತುಂಬಿಕೊಂಡು, ತಿನ್ನಲಾರದಷ್ಟನ್ನು ಹೆದ್ದಾರಿಯ ಬದಿಯಲ್ಲಿ ಗುಡ್ಡೆ ಹಾಕಿ ಮಾರುವುದು ಈಚಿನ ರೂಢಿ. ಬಿದಿರಿನ ಕೂಳಿಯಾದರೆ ಕಡ್ಡಿಗಳ ಸಂದಿನಲ್ಲಿ ಮರಿ ಜಾರಿ ಹೋಗುತ್ತದೆ. ಸೊಳ್ಳೆಪರದೆಯಲ್ಲಿ ಏನೂ ಜಾರುವುದಿಲ್ಲ. ಇನ್ನು ಕೊರವ ಮೀನಿನ ಕತೆ ಬೇರೆಯೇ. ಅದರ ಕೆಂಬಣ್ಣದ ಮರಿಗಳು ಹಿಂಡುಗಟ್ಟಿ ನೀರಿನ ಮೇಲ್ಮೈಯಲ್ಲಿ ಬುಳುಬುಳು ಎನ್ನುತ್ತಿರುವಾಗ ಕೆಳಗೆ ತಾಯಿಯೋ ತಂದೆಯೋ ಕಾವಲಿರುತ್ತದೆ. ಹಿಂಡಿನ ನಡುವೆ ಗಾಳ ಬಿಟ್ಟರೆ ಕಾವಲಿನ ಮೀನು ಸಿಟ್ಟಿನಿಂದ ಕಚ್ಚುತ್ತದೆ ಎಂಬುದನ್ನು ಬಲ್ಲವರು ಅದನ್ನೇ ಜಾಣತನವೆಂದು ಹೇಳಿಕೊಳ್ಳುತ್ತಾರೆ. ಆ ಒಂದು ಮೀನು ಬುಟ್ಟಿಗೆ ಬಿದ್ದ ಗಳಿಗೆಯಿಂದ ಮರಿಗಳೆಲ್ಲ ಬೇರೆ ಮೀನಿನ, ಹಕ್ಕಿಯ ಬಾಯಿಗೆ.

ಮೀನು ಮರಿ ಮಾಡುವ ಕಾಲಕ್ಕೆ ರಜೆ ಕೊಡುವ ಪದ್ಧತಿ ಕರಾವಳಿಯಲ್ಲಿದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಆ ದಿನಾಂಕಗಳನ್ನೇ ತಂದು ಮಂಡ್ಯದ ಕೆರೆಗಳಿಗೆ ಅಂಟಿಸಿದರೆ ಪ್ರಯೋಜನವಾಗದು. ಕೊಡಗಿನ ಮಳೆಯಿಂದ ಕಾವೇರಿ ಉಕ್ಕುವುದು ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮ ಮಳೆಯಾಧಾರಿತ ಕೆರೆಗಳು ತುಂಬುವುದು ಬಹುಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಕೆಲವು ವರ್ಷ ತುಂಬುವುದೇ ಇಲ್ಲ. ಆದ್ದರಿಂದ ಇಲ್ಲಿನ ರಜೆಯನ್ನು ಪಂಚಾಂಗಕ್ಕೆ ಕಟ್ಟದೆ ಕೋಡಿಗೆ ಕಟ್ಟಬೇಕೆಂದು ನನ್ನ ಸಲಹೆ. ಕೆರೆ ಕೋಡಿ ಬಿದ್ದ ದಿನದಿಂದ ಹತ್ತು ದಿನ ಕೋಡಿಯ ಬಾಯಿ, ಕೋಡಿ ಹಳ್ಳ ಮತ್ತು ಕೆರೆಗೆ ನೀರು ತರುವ ಹಳ್ಳದ ಕೆಳಭಾಗದಲ್ಲಿ ಯಾರೂ, ಗುತ್ತಿಗೆದಾರನೂ ಸೇರಿ, ಬಲೆ ಹಾಕಬಾರದು. ದಿನ ಯಾವುದೆಂದು ಗುರುತಿಸಲು ವಿಜ್ಞಾನಿ ಬೇಕಿಲ್ಲ. ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಹೇಳಿದರೆ ಪಂಚಾಯಿತಿ ಡಂಗುರ ಹೊಡೆಸಬಹುದು. ಹತ್ತು ದಿನ ಬಿಟ್ಟರೆ ಊರಿಗೆ ಉಪವಾಸವೇನೂ ಬೀಳುವುದಿಲ್ಲ, ಆ ಹೊತ್ತಿಗೆ ಗದ್ದೆಯಲ್ಲಿ ನಳ್ಳಿ ಇರುತ್ತವೆ, ಹುತ್ತದ ಮೇಲೆ ಅಣಬೆ ಎದ್ದಿರುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂದರ್ಭವನ್ನೂ ಹೇಳಬೇಕು. ಸರದಿಯ ಮೇಲೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಯ ನೀರು ನಿಲ್ಲಿಸಿದಾಗ ಗುಂಡಿಗಳಲ್ಲಿ ಸಿಕ್ಕಿಕೊಳ್ಳುವ ಮೀನು ಹೇಗೂ ಒಂದೆರಡು ದಿನದಲ್ಲಿ ಸಾಯುವಂಥವು. ಅವನ್ನು ಹಿಡಿಯುವವರನ್ನು ಓಡಿಸುವುದರಲ್ಲಿ ಯಾರಿಗೂ ಲಾಭವಿಲ್ಲ. ಅಲ್ಲಿ ಬೇಕಾಗಿರುವುದು ಮತ್ತೆ ನೀರು ಬಿಡುವ ಹೊತ್ತನ್ನು ಮುಂಚೆಯೇ ಸಾರಿ ಹೇಳುವ ಏರ್ಪಾಡು. ಗುಂಡಿಯಲ್ಲಿ ಮಕ್ಕಳಿರುವಾಗ ನೀರು ಬರಬಾರದು.

ವಿದ್ಯುತ್ ತಂತಿಗೆ ಕೊಕ್ಕೆ ಹಾಕಿ ನೀರಿಗೆ ಕರೆಂಟ್ ಬಿಡುವವರು, ತೋಟೆ ಸಿಡಿಸುವವರು, ಬ್ಲೀಚಿಂಗ್ ಪುಡಿ ಮತ್ತು ಕೀಟನಾಶಕ ಸುರಿಯುವವರ ವಿಷಯದಲ್ಲಿ ಹೊಸ ನಿಯಮವೇನೂ ಬೇಕಿಲ್ಲ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಇಷ್ಟು ಹಳೆಯ ಕಾನೂನು ಇದ್ದೂ ಗಾಳ ಹಿಡಿದವನನ್ನು ಓಡಿಸುವಷ್ಟು ಚುರುಕಾಗಿ ಕರೆಂಟ್ ಬಿಟ್ಟವನನ್ನು ಹಿಡಿಯುವುದಿಲ್ಲ ಎಂಬುದೇ ಜನರ ಸಿಟ್ಟಿಗೆ ಕಾರಣ. ಹಾಗೆಯೇ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ ಈಗ ಹಳ್ಳಕೊಳ್ಳ ಸೇರಿ ಉಳಿದ ಮೀನಿನ ಮರಿಗಳನ್ನು ನುಂಗುತ್ತಿದೆ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿಯೇ ನಿಷೇಧಿಸಿತು. ಅದನ್ನೂ ಜಿಲೇಬಿ (ತಿಲಾಪಿಯಾ) ಮೀನನ್ನೂ ಯಾವ ಕಾಲದಲ್ಲಾದರೂ, ಎಷ್ಟಾದರೂ ಹಿಡಿಯಲಿ, ಯಾವ ರಜೆಯೂ ಅವಕ್ಕೆ ಬೇಡ.

ನಾಲೆಗಳ ಆಧುನೀಕರಣದ ಬಗ್ಗೆ ಒಂದು ಮಾತು. ಕಾಂಕ್ರೀಟ್ ಹಾಸಿದರೆ ಕೊನೆಯ ಭಾಗದ ರೈತರಿಗೆ ನೀರು ತಲುಪುತ್ತದೆ, ಅದನ್ನು ವಿರೋಧಿಸುವವಳು ನಾನಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತ ಮೇಲೆ ತಡೆಗೋಡೆ ಬೇಡವೆನ್ನುವವರೂ ಇರಲಾರರು. ಆದರೆ ಇಳಿಜಾರಾದ ನುಣುಪು ಕಾಂಕ್ರೀಟಿನ ಮೇಲೆ ಕಾಲು ಜಾರಿದವರಿಗೆ ಹಿಡಿದು ಮೇಲೆ ಬರಲು ಹುಲ್ಲಿನ ಬುಡವೂ ಇರುವುದಿಲ್ಲ. ಊರಿನ ಬಳಿಯೆಲ್ಲ ಮೆಟ್ಟಿಲು ಮತ್ತು ಹಿಡಿಯಲು ಸರಪಳಿ ಇರಲಿ. ದಡದ ಹೊರಮಗ್ಗುಲಿನ ಮಣ್ಣಿನ ಪಟ್ಟಿಯನ್ನು ಮಣ್ಣಾಗಿಯೇ ಬಿಡಲಿ. ಸೊಪ್ಪು ಬೆಳೆಯುವುದಕ್ಕೆ ಅಷ್ಟು ಸಾಕು.

ಇದೆಲ್ಲ ಕಾನೂನಿನಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಬಾಳುವವರಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಮಾತ್ರವಲ್ಲ, ಮೀನು ಮತ್ತು ಜಲಮೂಲಗಳ ಇತರ ಉತ್ಪನ್ನಗಳ ಮೇಲೂ ಸಮುದಾಯದ ಹಕ್ಕನ್ನು ಒಪ್ಪಿದೆ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಜೇನುಕುರುಬರು ಕಾಗದದಲ್ಲಿರುವ ಆ ಹಕ್ಕನ್ನು ಕೈಗೆ ತಂದುಕೊಳ್ಳಲು ಇನ್ನೂ ಹೋರಾಡುತ್ತಿದ್ದಾರೆ. ಬಯಲುಸೀಮೆಯ ಭೂಹೀನರಿಗೆ ಕಾಗದದಲ್ಲಿಯೂ ಅಂಥದ್ದಿಲ್ಲ. ಆದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಆ ದಾಖಲಾತಿ ಬೀರುವಿನಲ್ಲಿ ಇರುವುದಕ್ಕೆಂದೇ ಹುಟ್ಟಿದ ಪುಸ್ತಕವಲ್ಲ. ಯಾವ ಸೊಪ್ಪು ಯಾವ ದಡದಲ್ಲಿ, ಯಾವ ಮಳೆಗೆ, ಯಾವ ಮೀನು ಯಾವ ಹಳ್ಳಕ್ಕೆ ಹತ್ತುತ್ತದೆ ಎಂಬುದನ್ನು ಊರಿನ ಹಿರಿಯ ಹೆಂಗಸರನ್ನು, ಬೆಸ್ತರನ್ನು ಕೂರಿಸಿಕೊಂಡು ಬರೆಸಿದರೆ, ಕಾಮಗಾರಿ ಮಂಜೂರು ಮಾಡುವ ಎಂಜಿನಿಯರರು ಮೊದಲು ಆ ಪುಟ ತೆರೆದು ನೋಡಬೇಕೆಂದು ತಾವು ಸುತ್ತೋಲೆ ಹೊರಡಿಸಬಹುದು.

ನಾನು ಎಲ್ಲ ಕಡೆಯೂ ಎಲ್ಲರಿಗೂ ಬಾಗಿಲು ತೆರೆಯಿರಿ ಎನ್ನುತ್ತಿಲ್ಲ. 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನೊಳಗೆ ಬಲೆ ಬೀಳಬಾರದು. ಮುತ್ತತ್ತಿಯ ಆಸುಪಾಸಿನ ಕಾವೇರಿ ವನ್ಯಜೀವಿ ಧಾಮದ ಮಡುಗಳಲ್ಲಿ ಉಳಿದಿರುವ ಬಿಳಿಮೀನಿಗೆ (ಮಹಶೀರ್) ಯಾರ ಗಾಳವೂ ತಾಗಬಾರದು. ಕೂಳಿಗೆ ಬಿದ್ದ ಆಮೆಯನ್ನು ಮರಳಿ ನೀರಿಗೆ ಬಿಡಲೇಬೇಕು, ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಪಟ್ಟಣದ ಚರಂಡಿ ನೀರು ಹರಿಯುವ ಕಾಲುವೆಗಳ ಸೊಪ್ಪನ್ನು ಕೀಳುವುದು ಬೇಡವೆಂದು ಆರೋಗ್ಯ ಸಿಬ್ಬಂದಿ ಹೇಳಬೇಕು. ಅಣಬೆಯ ವಿಷಯದಲ್ಲಿಯೂ ಅಷ್ಟೇ: ಬೆಳ್ಳಿ ನಾಣ್ಯ, ಬೆಳ್ಳುಳ್ಳಿ ಹಾಕಿ ನೋಡುವ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ, ಗೊತ್ತಿರುವವರು ಗುರುತಿಸಿದ್ದನ್ನು ಬಿಟ್ಟು ಬೇರೆಯದನ್ನು ತಿನ್ನಬಾರದು.

ಈ ಸಾಲಿನಲ್ಲಿ ನಾಲೆಗಳಿಗೆ ನೀರು ಬಿಡುವ ಮೊದಲು ಕಳೆನಾಶಕ ನಿಷೇಧದ ಷರತ್ತನ್ನು ಕಾಮಗಾರಿ ಆದೇಶಗಳಿಗೆ ಸೇರಿಸಿ, ಅದರ ಪ್ರತಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಬೇಕೆಂದು ಕೋರುತ್ತೇನೆ. ಕೆರೆ ಗುತ್ತಿಗೆಯ ಷರತ್ತು ಮತ್ತು ಕೋಡಿ ರಜೆಯ ವಿಚಾರ ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕಾದುದರಿಂದ ಅದಕ್ಕೆ ಉತ್ತರೆ ಮಳೆಯವರೆಗೆ ಸಮಯವಿದೆ. ಗ್ರಾಮಸಭೆಯ ದಿನವನ್ನು ಸಂತೆಯ ದಿನ, ನಾಟಿಯ ದಿನ ಇಡದೆ, ಹೆಂಗಸರು ಬಂದು ಕೂರಲು ಆಗುವ ಮಧ್ಯಾಹ್ನದ ಹೊತ್ತಿನಲ್ಲಿ ಇಡಬೇಕು. ತಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಕೊಟ್ಟರೆ ಅದನ್ನು ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಓದಿ ಹೇಳುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ನಾಲೆ ಬಯಲಿನ ಊರಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ